ಸೈಕಲ್‌ಗೆ ಟ್ಯೂಬ್‌ಲೆಸ್ ಬೇಕೇ? ಮೊದಲು ಹಳೆಯ ಟ್ಯೂಬನ್ನು ನೋಡಿ

ಮೋಟಾರ್ ಬೈಕಿಗೆ ಟ್ಯೂಬ್‌ಲೆಸ್ ಟೈರ್ ಬಂದು ಎಷ್ಟೋ ವರ್ಷಗಳಾದವು. ಶಿವಮೊಗ್ಗದ ಪಂಕ್ಚರ್ ಅಂಗಡಿಗಳಲ್ಲಿ ಚಕ್ರವನ್ನೂ ಬಿಚ್ಚದೆ ರಬ್ಬರ್ ಎಳೆ ಚುಚ್ಚಿ, ಗಾಳಿ ಹೊಡೆದು ಕಳುಹಿಸಿಬಿಡುತ್ತಾರೆ. ಹಾಗಾಗಿ ಹೊಸದಾಗಿ ಗೇರ್ ಸೈಕಲ್ ಕೊಂಡವರು ಕೇಳುವುದು ಸಹಜ: ಇದಕ್ಕೂ ಟ್ಯೂಬ್‌ಲೆಸ್ ಹಾಕಿಸಿದರೆ ಪಂಕ್ಚರ್ ಕಾಟ ತಪ್ಪುವುದಿಲ್ಲವೇ? ಕೆಲವರಿಗೆ ತಪ್ಪುತ್ತದೆ. ಹಲವರಿಗೆ ಒಂದು ಕಾಟ ಹೋಗಿ ಇನ್ನೊಂದು ಗಂಟು ಬೀಳುತ್ತದೆ. ನೀವು ಯಾವ ಗುಂಪಿನವರು ಎಂಬುದನ್ನು ಅಂಗಡಿಯವರಿಗಿಂತ ಚೆನ್ನಾಗಿ ಹೇಳುವುದು ನೀವು ಬಿಸಾಡಲು ಇಟ್ಟಿರುವ ಹಳೆಯ ಟ್ಯೂಬು.

ಬೈಕಿನ ಲೆಕ್ಕ ಬೇರೆ

ಬೈಕಿನ ಅಲಾಯ್ ಚಕ್ರ ಒಂದೇ ಎರಕದ್ದು. ಗಾಳಿ ಸೋರಲು ಅದರಲ್ಲಿ ತೂತೇ ಇಲ್ಲ. ಸೈಕಲ್ ರಿಮ್‌ನಲ್ಲಿ ಕಡ್ಡಿಗಳಿಗೆಂದು ಕೊರೆದ 28, 32 ಅಥವಾ 36 ತೂತುಗಳಿರುತ್ತವೆ. ಗಾಳಿ ನಿಲ್ಲಬೇಕಾದರೆ ಅವನ್ನೆಲ್ಲ ವಿಶೇಷ ಟೇಪಿನಿಂದ ಮುಚ್ಚಬೇಕು. ಟೈರ್ ಕೂಡ ತೆಳು. ಅದರ ಸಣ್ಣ ರಂಧ್ರಗಳಿಂದ ಗಾಳಿ ಜಿನುಗದಿರಲು, ಮುಳ್ಳು ಚುಚ್ಚಿದರೆ ತೂತು ತಾನಾಗಿ ಮುಚ್ಚಿಕೊಳ್ಳಲು ಒಳಗೆ ಸೀಲೆಂಟ್ ಎಂಬ ದ್ರವ ಹಾಕುತ್ತಾರೆ. ಹೆಚ್ಚಿನ ಸೀಲೆಂಟ್‌ಗಳ ಮೂಲ ರಬ್ಬರ್ ಹಾಲು. ಹೆಪ್ಪುಗಟ್ಟದಿರಲು ಹಲವು ಕಂಪನಿಗಳು ಅದಕ್ಕೆ ಅಮೋನಿಯಾ ಸೇರಿಸುತ್ತವೆ. ತೀರ್ಥಹಳ್ಳಿ, ಹೊಸನಗರ ಕಡೆ ರಬ್ಬರ್ ತೋಟ ಇಟ್ಟವರಿಗೆ ಈ ವಾಸನೆ ಹೊಸದಲ್ಲ. ತೂತಿನಿಂದ ಗಾಳಿ ನುಗ್ಗುವಾಗ ಈ ಹಾಲೂ ಜೊತೆಗೆ ಹೋಗಿ, ಅಲ್ಲೇ ಗಟ್ಟಿಯಾಗಿ ಬೆಣೆಯಂತೆ ಕೂರುತ್ತದೆ.

1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ ಟೈರ್ ತಯಾರಕರಾದ ಮಿಷೆಲಿನ್ ಮತ್ತು ಹಚಿನ್ಸನ್ ಜೊತೆ ಸೇರಿ ಈ ಪದ್ಧತಿಯನ್ನು ಮೌಂಟನ್ ಬೈಕ್‌ಗಳಿಗೆ ತಂದಿತು. ರಸ್ತೆ ಸೈಕಲ್‌ಗಳಿಗೆ ಬಂದದ್ದು ಆಮೇಲೆ. ಟ್ಯೂಬ್‌ಲೆಸ್ ಇಂದಿಗೂ ಅಗಲ ಟೈರಿಗೇ ಹೆಚ್ಚು ಒಗ್ಗುತ್ತದೆ.

ತೂತಿನ ಆಕಾರ ನೋಡಿ

ಟ್ಯೂಬ್ ಹೊರತೆಗೆಯುವ ಮೊದಲು ಟೈರಿನ ಮೇಲೆ, ವಾಲ್ವ್‌ನ ನೇರಕ್ಕೆ, ಸೀಮೆಸುಣ್ಣದಿಂದ ಗುರುತು ಹಾಕಿ; ಟ್ಯೂಬಿನ ತೂತು ಟೈರಿನ ಯಾವ ಜಾಗಕ್ಕೆ ಸೇರಿದ್ದು ಎಂದು ಆಮೇಲೆ ಹೊಂದಿಸಿ ನೋಡಬಹುದು. ಆಮೇಲೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ. ಸಿಕ್ಕಿದ ಕೂಡಲೇ ಸಲ್ಯೂಷನ್ ಹಚ್ಚಲು ಹೋಗಬೇಡಿ.

ಹೊರಮೈಯಲ್ಲಿ, ಟೈರ್ ನೆಲಕ್ಕೆ ತಾಗುವ ಕಡೆ, ಸೂಜಿಮೊನೆಯಷ್ಟು ತೂತಿದ್ದರೆ ಅದು ಮುಳ್ಳಿನ ಕೆಲಸ. ಶಿಕಾರಿಪುರ, ಹೊನ್ನಾಳಿ ಕಡೆಯ ಬಯಲಿನಲ್ಲಿ ಓಡಾಡುವವರಿಗೆ ನೆಗ್ಗಿಲು ಮುಳ್ಳು ಗೊತ್ತೇ ಇರುತ್ತದೆ. ನೆಲಕ್ಕಂಟಿ ಹರಡುವ, ಹಳದಿ ಹೂವಿನ ಬಳ್ಳಿ ಅದು. ಕಾಯಿ ಒಣಗಿ ಐದು ಚೂರಾಗುತ್ತದೆ. ಯಾವ ಚೂರು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಮಲೆನಾಡಿನ ಒಳಗೆ ಹೋದರೆ ಹೆಬ್ಬಿದಿರಿನ ಮುಳ್ಳು ಕಾಡುತ್ತದೆ. ರಸ್ತೆಬದಿಯ ಮೆಳೆ ಕಡಿದು ಹಾಕಿದ ಮರುದಿನ ಆ ದಾರಿಯಲ್ಲಿ ಸೈಕಲ್ ಬಿಡುವುದೇ ಸಾಹಸ. ಇಂಥ ಸಣ್ಣ ತೂತುಗಳೇ ನಿಮ್ಮ ಟ್ಯೂಬಿನ ತುಂಬ ಇದ್ದರೆ ಟ್ಯೂಬ್‌ಲೆಸ್ ನಿಮಗಾಗಿಯೇ ಇದೆ. ಮುಳ್ಳು ಚುಚ್ಚಿದ್ದು ಅನೇಕ ಬಾರಿ ನಿಮಗೆ ಗೊತ್ತೂ ಆಗುವುದಿಲ್ಲ.

ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡರೆ ಅದು ಮುಳ್ಳಲ್ಲ. ಗುಂಡಿಯ ಅಂಚಿಗೋ ಜಂಬಿಟ್ಟಿಗೆ ಕಲ್ಲಿಗೋ ಚಕ್ರ ಬಡಿದಾಗ ಟ್ಯೂಬ್ ರಿಮ್‌ನ ಎರಡು ಅಂಚುಗಳಿಗೆ ಸಿಕ್ಕಿ ನಜ್ಜಾಗಿದೆ. ಟ್ಯೂಬೇ ಇಲ್ಲದಿದ್ದರೆ ನಜ್ಜಾಗುವುದೂ ಇಲ್ಲ, ನಿಜ. ಆದರೆ ಹೆಚ್ಚಿನವರ ವಿಷಯದಲ್ಲಿ ಕಾರಣ ಗಾಳಿ ಕಡಿಮೆ ಇರುವುದು. ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ಬಿಟ್ಟು ಒತ್ತಡ ತೋರಿಸುವ ಗೇಜ್ ಇರುವ, ನೆಲಕ್ಕೆ ನಿಲ್ಲಿಸಿ ಹೊಡೆಯುವ ಪಂಪು ಕೊಳ್ಳಿ. ಗಾಳಿ ಸರಿಯಾಗಿಟ್ಟ ಮೇಲೂ ಸೀಳು ಬರುತ್ತಿದ್ದರೆ, ಕೊಡಚಾದ್ರಿಯ ಜೀಪ್ ದಾರಿಯಂಥ ಕಲ್ಲುಹಾದಿಯೇ ನಿಮಗೆ ಇಷ್ಟವಾದರೆ, ಆಗ ಟ್ಯೂಬ್‌ಲೆಸ್ ಯೋಚಿಸಬಹುದು.

ತೂತು ಒಳಮೈಯಲ್ಲಿದ್ದರೆ ರಿಮ್ ಪಟ್ಟಿ ಸರಿದು ಕಡ್ಡಿಯ ತೂತಿನ ಅಂಚು ಟ್ಯೂಬನ್ನು ಕೊರೆದಿದೆ. ವಾಲ್ವ್ ಬುಡದಲ್ಲಿ ಹರಿದಿದ್ದರೆ ಪಂಪಿನ ಎಳೆದಾಟ ಕಾರಣ. ಇವೆರಡೇ ನಿಮ್ಮ ತೊಂದರೆ ಎಂದಾದರೆ ಮುಂದೆ ಓದುವ ಅಗತ್ಯವಿಲ್ಲ. ಒಂದು ಒಳ್ಳೆಯ ರಿಮ್ ಪಟ್ಟಿ, ಪಂಪು ಹಿಡಿಯುವಾಗ ಸ್ವಲ್ಪ ಎಚ್ಚರ ಸಾಕು.

ಉದ್ದನೆಯ ಕೊಯ್ತ ಆಗಿದ್ದರೆ ಅದು ಗಾಜಿನದು. ಒದ್ದೆ ರಬ್ಬರ್ ಬೇಗ ಕೊಯ್ದುಕೊಳ್ಳುವುದರಿಂದ ಮಳೆಯಲ್ಲಿ ಇದು ಹೆಚ್ಚು. ಮೂರು ನಾಲ್ಕು ಮಿಲಿಮೀಟರ್ ಮೀರಿದ ಗಾಯವನ್ನು ಸೀಲೆಂಟ್ ಒಂದೇ ಮುಚ್ಚುತ್ತದೆ ಎಂದು ನಂಬಬೇಡಿ. ಬೈಕಿನ ಟೈರಿಗೆ ಚುಚ್ಚುವಂಥ ರಬ್ಬರ್ ಎಳೆ, ಅಂದರೆ ಪ್ಲಗ್, ಚುಚ್ಚಬೇಕಾಗುತ್ತದೆ.

ರಿಮ್ ಒಪ್ಪಬೇಕಲ್ಲ

ಟೈರಿನ ಪಕ್ಕದಲ್ಲಿ 40-622 ಎಂಬಂಥ ಅಂಕಿ ಇರುತ್ತದೆ. ಮೊದಲಿನದು ಅಗಲ, ಎರಡನೆಯದು ಟೈರ್ ಕೂರುವ ರಿಮ್ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. 622, 584 ಇದ್ದರೆ ಟ್ಯೂಬ್‌ಲೆಸ್ ಟೈರ್ ಸುಲಭವಾಗಿ ಸಿಗುತ್ತದೆ. ಹಾಲು, ಪೇಪರ್ ಹಾಕುವ ಗಟ್ಟಿ ಕಬ್ಬಿಣದ ಸೈಕಲ್‌ನ 28 x 1½ ಟೈರಿನ ಮೇಲೆ 635 ಎಂದಿರುತ್ತದೆ. ಅದರ ತಂಟೆಗೆ ಹೋಗಬೇಡಿ. ವಾಲ್‌ಟ್ಯೂಬ್ ಬದಲಿಸಿಕೊಂಡು ಅದು ಹೀಗೆಯೇ ಇನ್ನೊಂದು ತಲೆಮಾರು ಓಡಲಿ.

ರಿಮ್ ಮೇಲೆ ಮತ್ತು ಟೈರ್ ಮೇಲೆ, ಎರಡರ ಮೇಲೂ ‘ಟ್ಯೂಬ್‌ಲೆಸ್ ರೆಡಿ’ ಎಂಬ ಗುರುತು ಇರಬೇಕು. ಮಾಮೂಲಿ ರಿಮ್‌ಗೆ ನಾಲ್ಕು ಸುತ್ತು ಟೇಪ್ ಸುತ್ತಿ ಹೊಂದಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಸಪಾಟು ರಸ್ತೆಯಲ್ಲಿ ಅದು ನಡೆದೀತು. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಟೈರಿನ ಅಂಚು ರಿಮ್ ಬಿಟ್ಟು ಜಾರಿದರೆ ಉಳಿಸುವವರಿಲ್ಲ. ಈ ವಿಷಯದಲ್ಲಿ ಜುಗ್ಗತನ ಬೇಡ. ರಿಮ್ ಕೊಕ್ಕೆಯಂಚು ಇಲ್ಲದ ‘ಹುಕ್‌ಲೆಸ್’ ಬಗೆಯದ್ದಾದರೆ ಗಾಳಿಯ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಬಾರದು. ಅದಕ್ಕೆ ಒಪ್ಪುವ ಟೈರನ್ನೇ ಹಾಕಬೇಕು.

ವರ್ಷಕ್ಕೆ ಎಷ್ಟು ತಿಂಗಳು ಓಡಿಸುತ್ತೀರಿ?

ಮಲೆನಾಡಿನವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಸೀಲೆಂಟ್ ಎರಡರಿಂದ ಆರು ತಿಂಗಳಲ್ಲಿ ಒಣಗುತ್ತದೆ. ಶಿವಮೊಗ್ಗ ಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ಆರಿದ್ರಾ ಮಳೆ ಹಿಡಿದದ್ದೇ ಸೈಕಲ್ಲನ್ನು ಜಗಲಿಗೆ ಹಾಕಿ, ಮಹಾಲಯ ಕಳೆದ ಮೇಲೆ ಇಳಿಸುವವರು ನೀವಾದರೆ ಅಷ್ಟರಲ್ಲಿ ಗಾಳಿ ಇಳಿದು, ಹಾಲೆಲ್ಲ ತಳದಲ್ಲಿ ಒಂದೇ ಕಡೆ ಗಡ್ಡೆ ಕಟ್ಟಿ, ಟೈರ್ ರಿಮ್ ಬಿಟ್ಟಿರುತ್ತದೆ. ಮತ್ತೆ ಕಂಪ್ರೆಸರ್ ಹುಡುಕಬೇಕು. ಅಂಥವರಿಗೆ ಟ್ಯೂಬೇ ಲೇಸು. ವಾಲ್ವ್‌ನೊಳಗಿನ ತಿರುಳು (ವಾಲ್ವ್ ಕೋರ್) ಬಿಚ್ಚಲು ಬರುವ ಟ್ಯೂಬಾದರೆ ಅದರೊಳಗೇ ಸ್ವಲ್ಪ ಸೀಲೆಂಟ್ ಹಾಕಬಹುದು. ಇಲ್ಲವೇ ಒಳಗೆ ಮುಳ್ಳುತಡೆ ಪದರ ಇರುವ ಟೈರ್ ಕೊಳ್ಳಬಹುದು. ಕಾಲೇಜು, ಕಚೇರಿ, ಗಾಂಧಿ ಬಜಾರ್ ಎಂದು ಪೇಟೆಯೊಳಗೆ ಸುತ್ತುವವರಿಗೆ ನಾನು ಹೇಳುವುದೂ ಇದನ್ನೇ.

ವಾರವಾರವೂ ಸೈಕಲ್ ಏರಿ ಮಂಡಗದ್ದೆ, ತೀರ್ಥಹಳ್ಳಿ ಎಂದು ಹೊರಡುವವರ, ಮೊಬೈಲ್ ಸಿಗ್ನಲ್ ಸಿಗದ ಕಾಡುದಾರಿಗೆ ಇಳಿಯುವವರ ಮಾತು ಬೇರೆ. ಅವರಿಗೆ ಇನ್ನೊಂದು ಲಾಭವೂ ಇದೆ: ಗಾಳಿ ಕಡಿಮೆ ಇಡಬಹುದು. ಎಪ್ಪತ್ತು ಕೆ.ಜಿ. ತೂಕದವರು 2.2 ಇಂಚಿನ ಟೈರನ್ನು 25 ಪಿಎಸ್‌ಐ ಆಸುಪಾಸಿನಲ್ಲಿ ಓಡಿಸಬಹುದು. ಒದ್ದೆ ಕಲ್ಲಿನ ಮೇಲೆ ಆ ಮೆತ್ತನೆಯ ಹಿಡಿತ ಬೇರೆಯೇ.

ಹಾಕಿಸುವುದೇ ಆದರೆ

ಹಿಂದಿನ ಚಕ್ರದಿಂದ ಶುರು ಮಾಡಿ. ಭಾರವೂ ಪಂಕ್ಚರೂ ಅಲ್ಲೇ ಹೆಚ್ಚು. ರಿಮ್ ಒಳಭಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಳಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಅಗಲದ ಟೇಪನ್ನು ಬಿಗಿಯಾಗಿ ಎಳೆದು ಸುತ್ತಬೇಕು. ಒಂದು ಗುಳ್ಳೆ ಉಳಿದರೂ ಗಾಳಿ ಅಲ್ಲಿಂದ ದಾರಿ ಹುಡುಕುತ್ತದೆ. ವಾಲ್ವ್ ಕೂರಿಸಿ, ಟೈರಿನ ಅಂಚಿಗೆ ಸಾಬೂನು ನೀರು ಹಚ್ಚಿ, ವಾಲ್ವ್ ತಿರುಳು ತೆಗೆದು ಒಮ್ಮೆಲೇ ಗಾಳಿ ನುಗ್ಗಿಸಿ. ಟೈರ್ ‘ಟಪ್, ಟಪ್’ ಎಂದು ರಿಮ್‌ಗೆ ಕಚ್ಚಿಕೊಳ್ಳುವ ಸದ್ದು ಕೇಳಬೇಕು. ಕೈಪಂಪಿನಿಂದ ಆಗದಿದ್ದರೆ ಪೆಟ್ರೋಲ್ ಬಂಕಿಗೆ ಹೋಗಿ. ಅಲ್ಲಿನ ಗಾಳಿ ಕೊಳವೆ ಬೈಕ್, ಕಾರಿನ ವಾಲ್ವ್‌ನದು. ಸೈಕಲ್‌ನ ಸಪೂರ ಪ್ರೆಸ್ಟಾ ವಾಲ್ವ್‌ಗೆ ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ; ಅದನ್ನು ಕೂರಿಸುವ ಮೊದಲು ತೆಗೆದ ತಿರುಳನ್ನು ಮತ್ತೆ ಹಾಕಿಕೊಳ್ಳಿ. ಗಾಳಿ ಅಲ್ಲಿನವರ ಕೈಗೆ ಬಿಡದೆ ನೀವೇ ಹಿಡಿಯಿರಿ. ಬೈಕಿನ ಅಂದಾಜಿನಲ್ಲಿ ಹೊಡೆದುಬಿಡುತ್ತಾರೆ.

ಗಾಳಿ ಬಿಟ್ಟು ವಾಲ್ವ್ ಮೂಲಕ ಸೀಲೆಂಟ್ ಸುರಿಯಿರಿ. 40 ಮಿಲಿಮೀಟರ್ ಟೈರಿಗೆ 60 ಮಿ.ಲೀ., ಮೌಂಟನ್ ಬೈಕಿನ ದಪ್ಪ ಟೈರಿಗೆ 100 ಮಿ.ಲೀ. ಸುಮಾರು. ಮತ್ತೆ ಗಾಳಿ ತುಂಬಿ, ಚಕ್ರವನ್ನು ಎರಡೂ ಬದಿಗೆ ಮಲಗಿಸಿ ಕುಲುಕಿ. ಅಂದೇ ದೂರ ಹೊರಡಬೇಡಿ. ರಾತ್ರಿ ಕಳೆದು ಬೆಳಿಗ್ಗೆ ಗೇಜ್ ಹಿಡಿಯಿರಿ. ಸ್ವಲ್ಪ ಇಳಿದಿದ್ದರೆ ಚಿಂತೆಯಿಲ್ಲ, ಒಂದು ಸುತ್ತು ಓಡಿಸಿ. ಪೂರ್ತಿ ಇಳಿದಿದ್ದರೆ ಟೇಪ್ ಮತ್ತೆ ಸುತ್ತಬೇಕು.

ಚೀಲದಲ್ಲಿ ಪ್ಲಗ್, ಪಂಪು, ಜೊತೆಗೆ ಒಂದು ಟ್ಯೂಬ್ ಇರಲೇಬೇಕು. ದೊಡ್ಡ ಗಾಯವಾಗಿ ಟ್ಯೂಬ್ ತುರುಕುವ ಪ್ರಸಂಗ ಬಂದರೆ ಅವಸರಪಡಬೇಡಿ. ಸೀಲೆಂಟ್ ಇಷ್ಟು ದಿನ ಸದ್ದಿಲ್ಲದೆ ಮುಚ್ಚಿಟ್ಟ ಮುಳ್ಳುಗಳೆಲ್ಲ ಟೈರಿನಲ್ಲೇ ನೆಟ್ಟಿರುತ್ತವೆ. ಬರಿಗೈಯಲ್ಲಿ ತಡವದೆ, ಬಟ್ಟೆಯನ್ನು ಒಳಗೆ ಸುತ್ತಲೂ ಒರೆಸುತ್ತಾ ಹೋಗಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಇಕ್ಕಳದಿಂದ ಒಂದೊಂದನ್ನೇ ಕಿತ್ತ ಮೇಲೆ ಟ್ಯೂಬ್ ಹಾಕಿ.