ಪಕ್ ನನ್ನ ಹತ್ತಿರ ಇಲ್ಲದಾಗ: ಹೊಸ ಹಾಕಿ ಗೇಮನ್ನು ನಾನು ತೂಗಿ ನೋಡುವ ಬಗೆ

ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗು. ಅದರ ಹೆಸರಿನಲ್ಲಿ ಇಎ ಕಂಪನಿ ವರ್ಷಕ್ಕೊಂದು ವಿಡಿಯೋ ಗೇಮ್ ತರುತ್ತದೆ. ಹೊಸ ಗೇಮ್ ಬಂದ ದಿನ ನಾನು ಮೊದಲು ಆಡುವುದು ಹಳೆಯದನ್ನು. ಹೋದ ವರ್ಷದ್ದನ್ನೇ ಹಾಕಿ ಎರಡು ಪಂದ್ಯ ಮುಗಿಸಿ, ಬೆರಳುಗಳಿಗೆ ಅದರ ರೂಢಿ ಮರಳಿದ ಮೇಲೆ ಹೊಸದನ್ನು ತೆರೆಯುತ್ತೇನೆ. ಬೇಸಿಗೆಯಿಡೀ ಆಡದೆ ಬಿಟ್ಟು ನೇರವಾಗಿ ಹೊಸದಕ್ಕೆ ಕೈ ಹಾಕಿದರೆ ಎಲ್ಲವೂ ಹೊಸದಾಗಿಯೇ ಕಾಣುತ್ತದೆ. ಬದಲಾದದ್ದು ಗೇಮೋ ಅಥವಾ ಕೈ ಮರೆತದ್ದೋ ಗೊತ್ತಾಗುವುದಿಲ್ಲ.

ನಾನು ದಾವಣಗೆರೆಯವನು, ಈಗ ಇರುವುದು ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ. ಐಸ್ ಹಾಕಿಯ ಹುಚ್ಚು ನನಗೆ ಹತ್ತಿದ್ದು ಮಗಳಿಂದ. ಶನಿವಾರ ಬೆಳಗಿನ ಜಾವ ಅವಳನ್ನು ಅರೀನಾಕ್ಕೆ ಕರೆದುಕೊಂಡು ಹೋಗಿ, ಗಾಜಿನ ಈಚೆ ಕಾಫಿ ಹಿಡಿದು ನಡುಗುತ್ತಾ ನಿಲ್ಲುತ್ತಿದ್ದೆ. ಅವಳ ಕೋಚ್ ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ ಮಾತು: ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಹಿಂದೆ ಓಡಬೇಡಿ, ನಿಮ್ಮ ಜಾಗ ನೋಡಿಕೊಳ್ಳಿ. ಗೇಮನ್ನು ಅಳೆಯಲು ನಾನು ಹಿಡಿದ ಗಜಕಡ್ಡಿಯೂ ಅದೇ ಮಾತು.

ಈ ಸರಣಿ ಶುರುವಾದದ್ದು 1991ರಲ್ಲಿ, ಸೆಗಾ ಜೆನೆಸಿಸ್ ಎಂಬ ಗೇಮ್ ಕನ್ಸೋಲ್ ಮೇಲೆ. ಕೆಲವು ವರ್ಷಗಳ ಬದಲಾವಣೆ ಐದೇ ನಿಮಿಷದಲ್ಲಿ ಕೈಗೆ ತಿಳಿಯುವಂಥದ್ದು. ಎನ್‌ಎಚ್‌ಎಲ್ 94ಕ್ಕೆ ವನ್-ಟೈಮರ್ ಬಂತು, ಅಂದರೆ ಬಂದ ಪಾಸನ್ನು ನಿಲ್ಲಿಸದೆ ಹಾಗೆಯೇ ಗೋಲಿಗೆ ಬಾರಿಸುವ ಹೊಡೆತ. ಎನ್‌ಎಚ್‌ಎಲ್ 07ರಲ್ಲಿ ಕಂಟ್ರೋಲರ್‌ನ ಬಲ ಹೆಬ್ಬೆರಳಿನ ಸ್ಟಿಕ್ಕೇ ಆಟಗಾರನ ಹಾಕಿ ಕೋಲಾಯಿತು. ಅಂಥ ವರ್ಷಕ್ಕೆ ಪರೀಕ್ಷೆಯೇ ಬೇಕಿಲ್ಲ. ಉಳಿದ ವರ್ಷಗಳಲ್ಲಿ ಬದಲಾವಣೆ ಸಣ್ಣದು, ಜಾಹೀರಾತು ದೊಡ್ಡದು. ಕೆನಡಾದಲ್ಲಿ ಗೇಮಿನ ಬೆಲೆ ತೆರಿಗೆ ಬಿಟ್ಟು 90 ಡಾಲರ್ ಹತ್ತಿರ. ಕಣ್ಣು ಮುಚ್ಚಿ ಕೊಡುವ ದುಡ್ಡಲ್ಲ.

ಹೇಗೆ ನೋಡುತ್ತೇನೆ ಎನ್ನುವುದನ್ನು ಎನ್‌ಎಚ್‌ಎಲ್ 25ರ ಉದಾಹರಣೆಯಿಂದಲೇ ಹೇಳುತ್ತೇನೆ. ಅದು ಬಂದದ್ದು 2024ರ ಅಕ್ಟೋಬರ್ 4ಕ್ಕೆ, ಮುಖಪುಟದಲ್ಲಿ ಲೀಗಿನ ಆಟಗಾರರಾದ ಹ್ಯೂಸ್ ಸಹೋದರರು ಮೂವರು. ಪಿಎಸ್4, ಎಕ್ಸ್‌ಬಾಕ್ಸ್ ಒನ್ ಬಿಟ್ಟು ಬರೀ ಹೊಸ ಕನ್ಸೋಲ್‌ಗಳಿಗೆ ಬಂದ ಮೊದಲ ಕಂತು ಅದು. ಹಾಗಾಗಿ ನನಗೆ ನಿರೀಕ್ಷೆ ಜಾಸ್ತಿಯೇ ಇತ್ತು. ಇಎ ಪ್ಲೇ ಚಂದಾದಾರರಿಗೆ ಹತ್ತು ಗಂಟೆಯ ಟ್ರಯಲ್ ಸಿಗುತ್ತದೆ. ನನ್ನ ತೂಕ ಅಷ್ಟರೊಳಗೇ ಮುಗಿಯಬೇಕು.

ಹೊಸ ಜೆರ್ಸಿ, ಅರಿಜೋನಾದಿಂದ ಯೂಟಾಗೆ ಹೋದ ತಂಡ, ಮೆನು, ಕಾಮೆಂಟರಿ ಇವಕ್ಕೆಲ್ಲ ಅರ್ಧ ಗಂಟೆ ಸಾಕು. ಕಾರ್ಡ್ ಕೂಡಿಸುವ ಅಲ್ಟಿಮೇಟ್ ಟೀಮ್ ಕಡೆ ಟ್ರಯಲ್ ಮುಗಿಯುವವರೆಗೆ ತಲೆ ಹಾಕುವುದಿಲ್ಲ. ಅಲ್ಲಿ ಗೆದ್ದದ್ದು ಕಾರ್ಡೋ ಆಟವೋ ಬೇರ್ಪಡಿಸುವುದು ಕಷ್ಟ.

ಮೊದಲ ಪರೀಕ್ಷೆ ಸ್ಕೇಟಿಂಗ್. ಎಡ್ಮಂಟನ್ ತಂಡ ಹಿಡಿದು, ಲೀಗಿನ ಅತಿ ವೇಗದವರಲ್ಲಿ ಒಬ್ಬನಾದ ಕಾನರ್ ಮ್ಯಾಕ್‌ಡೇವಿಡ್‌ನನ್ನು ನಮ್ಮ ನೀಲಿಗೆರೆಯಿಂದ (ರಿಂಕನ್ನು ಮೂರು ವಲಯ ಮಾಡುವ ಎರಡು ಗೆರೆಗಳಲ್ಲಿ ನಮ್ಮ ಕಡೆಯದು) ಎದುರಾಳಿಯ ನೀಲಿಗೆರೆವರೆಗೆ ಓಡಿಸುತ್ತೇನೆ. ಆಮೇಲೆ ಅದೇ ತಂಡದ ನಾಲ್ಕನೇ ಸಾಲಿನ, ಅಂದರೆ ಕಡಿಮೆ ಹೊತ್ತು ಆಡುವವರಲ್ಲಿ ಒಬ್ಬನನ್ನು. ಇಬ್ಬರ ವ್ಯತ್ಯಾಸ ಕೈಗೆ ತಿಳಿಯಬೇಕು. ನೇರ ಓಟದಲ್ಲಿ ಯಾರಾದರೂ ವೇಗವಾಗಿ ಕಾಣಿಸಬಹುದು. ತಿರುಗಿದಾಗ ಎಷ್ಟು ವೇಗ ಉಳಿಯಿತು ಎನ್ನುವಲ್ಲಿ ಗುಟ್ಟಿದೆ. 25ರಲ್ಲಿ ಹೊಸ ವಿಷನ್ ಕಂಟ್ರೋಲ್ ಇತ್ತು. ಕಾಲು ಒಂದು ಕಡೆ ಹೋಗುತ್ತಿದ್ದರೂ ಎದೆಯನ್ನು ಬೇಕಾದ ಕಡೆಗೆ ತಿರುಗಿಸಿ ಇಟ್ಟುಕೊಳ್ಳಬಹುದು. ಪವರ್ ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿಗೆ ಒಬ್ಬ ಕಡಿಮೆಯಾದಾಗ) ಬೋರ್ಡ್ ಪಕ್ಕ, ಅಂದರೆ ರಿಂಕಿನ ಸುತ್ತಗೋಡೆಯ ಪಕ್ಕ, ಜಾರುತ್ತಲೇ ಗೋಲಿನ ಕಡೆ ಮುಖ ಮಾಡಿ ಪಾಸ್ ಹುಡುಕುವುದು ಇದರಿಂದ ಬಹಳ ಹಗುರಾಯಿತು. ಇದಕ್ಕೆ ಪೂರ್ತಿ ಅಂಕ ಕೊಟ್ಟೆ.

ಎರಡನೆಯದು ಹಳೆಯ ಉಪಾಯದ ಪರೀಕ್ಷೆ. ಈ ಸರಣಿ ಆಡಿದವರಿಗೆಲ್ಲ ಗೊತ್ತಿರುವ ಒಂದು ಗೋಲಿದೆ: ಒಂದು ಬದಿಯಿಂದ ನುಗ್ಗಿ, ಗೋಲ್‌ಕೀಪರ್ ಆ ಕಡೆ ವಾಲಿದ ಕೂಡಲೇ ಅಡ್ಡಲಾಗಿ ಪಾಸ್ ಕೊಟ್ಟು ಬಾರಿಸುವುದು. ಹಳೆಯದರಲ್ಲಿ ಇಪ್ಪತ್ತು ಸಲ, ಹೊಸದರಲ್ಲಿ ಇಪ್ಪತ್ತು ಸಲ ಇದನ್ನೇ ಮಾಡುತ್ತೇನೆ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತೇನೆ.

ಇಲ್ಲಿ ನಾನು ಮೊದಲು ತಪ್ಪು ದಾರಿ ಹಿಡಿದಿದ್ದೆ. ಗೋಲು ಕಡಿಮೆಯಾದರೆ ಗೇಮ್ ಸುಧಾರಿಸಿದೆ ಅಂದುಕೊಳ್ಳುತ್ತಿದ್ದೆ. ನಿಜವಾದ ಹಾಕಿಯಲ್ಲೂ ಅಡ್ಡ ಪಾಸು ಮಾರಕವೇ. ಎನ್‌ಎಚ್‌ಎಲ್‌ನಲ್ಲಿ ಗೋಲ್‌ಕೀಪರ್ ಆಗಿದ್ದ ಸ್ಟೀವ್ ವ್ಯಾಲಿಕೆಟ್ ದಾಳಿವಲಯವನ್ನು ಉದ್ದಕ್ಕೆ ಎರಡಾಗಿ ಸೀಳುವ ನಡುಗೆರೆಯನ್ನು ರಾಯಲ್ ರೋಡ್ ಎಂದು ಕರೆದ. ಪಕ್ ಆ ಗೆರೆ ದಾಟಿ ಬಂದರೆ ಕೀಪರ್ ಆರು ಅಡಿ ಅಗಲದ ಗೋಲಿನ ಒಂದು ಕಂಬದಿಂದ ಇನ್ನೊಂದಕ್ಕೆ ಜಾರಬೇಕು, ನಿಂತು ನೋಡುವ ಹೊತ್ತಿರುವುದಿಲ್ಲ. ಅಂಥ ಹೊಡೆತವನ್ನು ಕೀಪರ್ ಸಲೀಸಾಗಿ ತಡೆಯುತ್ತಾ ಹೋದರೆ ಅದು ಸುಳ್ಳು ಹಾಕಿ. ಪಾಸ್ ಗುರಿ ಮುಟ್ಟುವುದೇ ಕಷ್ಟವಾಗಬೇಕು. ಹಾಗಾಗಿ ಈಗ ಗುರುತು ಹಾಕುವುದು ಎರಡು ಕಾಲಮ್ಮಿನಲ್ಲಿ: ಪಾಸ್ ತಲುಪಿತೇ? ತಲುಪಿದ ಮೇಲೆ ಗೋಲಾಯಿತೇ? 25ರಲ್ಲಿ ವನ್-ಟೈಮರ್ ಅನ್ನು ಸರಿಯಾದ ಕ್ಷಣ ನೋಡಿ ಹೊಡೆಯಬೇಕು. ಮೊದಲ ಸಂಜೆ ನನ್ನ ಎರಡನೇ ಕಾಲಮ್ ಸೊರಗಿತು, ಮೂರನೇ ಸಂಜೆ ಕೈ ಕುದುರಿ ತುಂಬತೊಡಗಿತು. ಕಲಿತಷ್ಟೂ ಫಲ ಕೊಡುವ ಇಂಥ ಬದಲಾವಣೆ ನನಗೆ ಇಷ್ಟ.

ಮೂರನೆಯ ಪರೀಕ್ಷೆಗೇ ಹೆಚ್ಚು ಹೊತ್ತು ಕೊಡುತ್ತೇನೆ, ಕೊನೆಯ ಮಾತೂ ಅದರದ್ದೇ. ಸೆಟ್ಟಿಂಗ್ಸ್‌ನಲ್ಲಿ ಆಟಗಾರನನ್ನು ಒಂದೇ ಜಾಗಕ್ಕೆ ಲಾಕ್ ಮಾಡಿ ಬಲ ಡಿಫೆನ್ಸ್ ಆಗುತ್ತೇನೆ. ಬೇಕೆಂದೇ ಒಂದು ಟ್ರಿಪ್ಪಿಂಗ್ (ಎದುರಾಳಿಯನ್ನು ಎಡವಿ ಬೀಳಿಸುವ ತಪ್ಪು) ಮಾಡಿ ಪೆನಾಲ್ಟಿಗೆ ಎರಡು ನಿಮಿಷ ಹೊರಗೆ ಕೂರುತ್ತೇನೆ. ಈಗ ರಿಂಕಿನಲ್ಲಿ ಗೋಲ್‌ಕೀಪರ್ ಬಿಟ್ಟು ನಮ್ಮವರು ನಾಲ್ವರು, ನಾಲ್ವರನ್ನೂ ಆಡಿಸುವುದು ಕಂಪ್ಯೂಟರ್. ಕಂಟ್ರೋಲರ್ ಮಡಿಲಲ್ಲಿಟ್ಟು ನೋಡುವುದಷ್ಟೇ ಕೆಲಸ.

ಆ ಅಕ್ಟೋಬರಿನ ಸಂಜೆ ಮಗಳೂ ಪಕ್ಕದಲ್ಲಿ ಕೂತಿದ್ದಳು. ಎದುರಾಳಿ ಬಲಬದಿಯ ಬೋರ್ಡ್ ಪಕ್ಕ ಪಕ್ ಹಿಡಿದು ನಿಂತ. ನಮ್ಮ ಒಬ್ಬ ಅವನ ಕಡೆ ಅರ್ಧ ದಾರಿ ಹೋಗಿ ನಿಂತ, ಮೇಲೆ ಬೀಳಲಿಲ್ಲ. 'ಆಚೆಯವನನ್ನು ನೋಡು ಅಪ್ಪಾ' ಅಂದಳು. ನನ್ನ ಕಣ್ಣು ಪಕ್ ಮೇಲೇ ಇತ್ತು. ನೋಡಿದೆ: ಪಕ್‌ನಿಂದ ಬಹುದೂರ ಇದ್ದ ನಮ್ಮ ಎಡಗಡೆಯ ಫಾರ್ವರ್ಡ್ ತನ್ನ ಎದುರಾಳಿಯನ್ನು ಬಿಟ್ಟು ಗೋಲಿನ ಮುಂದಿನ ಜಾಗಕ್ಕೆ ಎರಡು ಹೆಜ್ಜೆ ಒಳಗೆ ಬಂದಿದ್ದ, ಕೋಲನ್ನು ಐಸ್ ಮೇಲೆ ಅಡ್ಡ ಚಾಚಿದ್ದ. ಅಡ್ಡ ಪಾಸ್ ಬಂತು, ಆ ಕೋಲಿಗೆ ಬಡಿದು ಹೊರಗೆ ಹಾರಿತು. ತಕ್ಷಣ ಎನ್‌ಎಚ್‌ಎಲ್ 24 ಹಾಕಿ ಅದೇ ಎರಡು ತಂಡ, ಅದೇ ಪೆನಾಲ್ಟಿ, ಅದೇ ಮೂಲೆ ಕೂಡಿಸಿ ಹಲವು ಸಲ ನೋಡಿದೆವು. ಅಲ್ಲಿ ಆಚೆಯವನು ಒಳಗೆ ಬರುವುದು ಅಪರೂಪವಾಗಿತ್ತು. ಕಂಪ್ಯೂಟರ್ ಆಟಗಾರರ ಬುದ್ಧಿ ಚುರುಕಾಗಿದೆ ಅಂತ ಪ್ರಕಟಣೆಯಲ್ಲಿ ಓದಿದ್ದೆ. ನಂಬಿಕೆ ಬಂದದ್ದು ಆ ಎರಡು ಹೆಜ್ಜೆಯಿಂದ.

ಗೇಮ್ ಚೆನ್ನಾಗಿದೆ ಅನ್ನಿಸುವುದು ಪಕ್ ನಮ್ಮ ಕೋಲಿನಲ್ಲಿದ್ದಾಗ. ಆದರೆ ಒಂದು ಪಂದ್ಯದ ಬಹುಪಾಲು ಹೊತ್ತು ಪಕ್ ನಮ್ಮ ಹತ್ತಿರ ಇರುವುದಿಲ್ಲ. ಆ ಹೊತ್ತಿನಲ್ಲಿ ಉಳಿದವರು ಬುದ್ಧಿವಂತರಾಗಿದ್ದರೆ ಆಟ ಫೆಬ್ರವರಿವರೆಗೂ ಬಾಳುತ್ತದೆ, ಇಲ್ಲದಿದ್ದರೆ ದೀಪಾವಳಿಯ ಹೊತ್ತಿಗೇ ಬೇಸರ ಬರುತ್ತದೆ.

ಒಂದು ಎಚ್ಚರ ಮಾತ್ರ ಪೆಟ್ಟು ತಿಂದು ಕಲಿತದ್ದು. ಒಂದು ವರ್ಷ ಮೊದಲ ವಾರದಲ್ಲೇ ಗೆಳೆಯರಿಗೆಲ್ಲ ಫೋನ್ ಮಾಡಿ, ಈ ಸಲ ಪೋಕ್ ಚೆಕ್ (ಕೋಲಿನಿಂದ ತಿವಿದು ಪಕ್ ಕಿತ್ತುಕೊಳ್ಳುವುದು) ಬಹಳ ಚೆನ್ನಾಗಿದೆ, ತಗೊಳ್ಳಿ ಅಂದೆ. ಅವರು ಕೊಂಡು ಆಡುವ ಹೊತ್ತಿಗೆ ಟ್ಯೂನರ್ ಅಪ್‌ಡೇಟ್ ಬಂದು ಪೋಕ್ ಚೆಕ್ಕಿನ ಲೆಕ್ಕವೇ ಬದಲಾಗಿತ್ತು. ನನ್ನ ಮಾತು ನಂಬಿ ದುಡ್ಡು ಕೊಟ್ಟವರಿಗೆ ನಾನು ಹೇಳಿದ ಆಟ ಸಿಗಲಿಲ್ಲ. ಅಂದಿನಿಂದ ನವೆಂಬರ್ ಕೊನೆಗೆ ಮೂರೂ ಪರೀಕ್ಷೆಗಳನ್ನು ಇನ್ನೊಮ್ಮೆ ಮಾಡುತ್ತೇನೆ. ಕೇಳಿದವರಿಗೆ ಅಲ್ಲಿಯವರೆಗೆ ಉತ್ತರ ಕೊಡುವುದಿಲ್ಲ. 25 ಆ ಎರಡನೇ ಸುತ್ತಿನಲ್ಲೂ ಪಾಸಾಯಿತು.

2025ರ ಸೆಪ್ಟೆಂಬರಿನಲ್ಲಿ ಎನ್‌ಎಚ್‌ಎಲ್ 26 ಬಂತು. ನಿಜವಾದ ಆಟಗಾರರ ಚಲನೆ ಅಳೆಯುವ ಲೀಗಿನ ಎಡ್ಜ್ ಟ್ರ್ಯಾಕಿಂಗ್ ಅಂಕಿಅಂಶಗಳಿಂದ ಒಬ್ಬೊಬ್ಬ ಆಟಗಾರನನ್ನೂ ಬೇರೆಬೇರೆಯಾಗಿ ರೂಪಿಸಿದ್ದೇವೆ ಎಂದು ಪ್ರಕಟಿಸಿದ್ದರು. ಹಾಗಾದರೆ ಮ್ಯಾಕ್‌ಡೇವಿಡ್ ಓಟದ ಪರೀಕ್ಷೆಗೆ ಈ ಸಲ ಎರಡು ಪುಟ ಬೇಕು ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದೆ. ಮಗಳು ಆಗಲೇ ಎನ್‌ಎಚ್‌ಎಲ್ 25 ಹಾಕಿ, ಬಲ ಡಿಫೆನ್ಸ್‌ಗೆ ಲಾಕ್ ಮಾಡಿ, ಟ್ರಿಪ್ಪಿಂಗ್ ಮಾಡಿ ಹೊರಗೆ ಕೂತಿದ್ದಳು.