ಸ್ಮಶಾನ ಹುಡುಕುವ ಮೊದಲು ಮನೆ ಹುಡುಕಿ

ವಂಶವೃಕ್ಷ ಬರೆಯಲು ಕೂತವರೆಲ್ಲ ಒಂದಲ್ಲ ಒಂದು ದಿನ ಈ ತೊಡಕಿಗೆ ಬಂದು ನಿಲ್ಲುತ್ತಾರೆ. ಮುತ್ತಜ್ಜನ ಮರಣದ ದಾಖಲೆ ಕೈಗೆ ಸಿಕ್ಕಿರುತ್ತದೆ. ಹೆಸರು ಸರಿ ಇದೆ, ತಾರೀಖು ಸರಿ ಇದೆ. ಹೂಳಿದ ಜಾಗ ಎಂಬ ಕಡೆ ಮಾತ್ರ ‘ಮನೆತನದ ಸ್ಮಶಾನ’ ಎಂದಷ್ಟೇ ಬರೆದಿದೆ. ಯಾವ ಹೊಲ, ಯಾವ ದಿಕ್ಕು, ಏನೂ ಇಲ್ಲ. ಆಗ ಆ ಜಾಗ ಎಲ್ಲರಿಗೂ ಗೊತ್ತಿತ್ತು. ಬರೆಯಬೇಕು ಅಂತ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ಆಮೇಲೆ ಮಕ್ಕಳು ಬೇರೆ ಕಡೆ ಹೋದರು. ಜಮೀನು ಮಾರಾಟವಾಯಿತು. ಮನೆ ಬಿತ್ತು, ಬೇಲಿ ಬಿತ್ತು, ಪೊದೆ ಬೆಳೆಯಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಕಲ್ಲುಗಳು ಮಣ್ಣಿನೊಳಗೆ ಅರ್ಧ ಇಳಿದಿರುತ್ತವೆ.

ಇಂಥ ಸ್ಮಶಾನ ಹುಡುಕಲು ಹೊರಟವರು ನೇರ ಪೊದೆಗೆ ನುಗ್ಗುವುದೇ ಜಾಸ್ತಿ. ನಾನೂ ಮೊದಲ ಸಲ ಹಾಗೇ ಮಾಡಿ ಎರಡು ದಿನ ಕಳೆದುಕೊಂಡೆ. ಆಗ ಕಲಿತದ್ದು ಇಷ್ಟು: ಮೊದಲು ಮನೆ ಹುಡುಕಬೇಕು. ಮನೆತನದ ಸ್ಮಶಾನ ಹಳೆಯ ಮನೆಯಿಂದ ಬಹಳ ದೂರ ಇರುವುದು ಅಪರೂಪ. ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಹೋಗುವಷ್ಟು ದೂರ, ಅಷ್ಟೇ. ನೀರು ನಿಲ್ಲದ ಎತ್ತರದ ಜಾಗ, ಉಳುಮೆಗೆ ಅಷ್ಟೇನೂ ಒಗ್ಗದ ಮೂಲೆ, ಮನೆಯ ಬಾಗಿಲಲ್ಲಿ ನಿಂತರೆ ಕಾಣುವ ದಿಬ್ಬ. ಮನೆಯ ಅಡಿಪಾಯ ಸಿಕ್ಕರೆ ಹುಡುಕುವ ಜಾಗ ಒಂದು ಹೊಲದಷ್ಟಕ್ಕೆ ಇಳಿಯುತ್ತದೆ.

ಮೊದಲು ಹಿರಿಯರ ಹತ್ತಿರ ಕೂತುಕೊಳ್ಳಿ

ದಾಖಲೆಗಳು ಮುಂದಿನ ತಿಂಗಳೂ ಅಲ್ಲೇ ಇರುತ್ತವೆ. ತೊಂಬತ್ತರ ಅಜ್ಜಿಯನ್ನು ಮಾತ್ರ ಈ ವಾರವೇ ಹೋಗಿ ಮಾತಾಡಿಸಿ.

‘ಸ್ಮಶಾನ ಎಲ್ಲಿದೆ?’ ಎಂದು ಕೇಳಿದರೆ ‘ಗೊತ್ತಿಲ್ಲಪ್ಪ’ ಎನ್ನುವ ಉತ್ತರವೇ ಬರುವುದು. ಬೇರೆ ಥರ ಕೇಳಬೇಕು. ಚಿಕ್ಕವರಿದ್ದಾಗ ಯಾರ ಸಾವಿಗೆ ಹೋಗಿದ್ದಿರಿ? ಮನೆಯ ಮುಂದಿನಿಂದ ಹೋದಿರೋ, ಹಿಂದಿನಿಂದಲೋ? ದಾರಿಯಲ್ಲಿ ಹಳ್ಳ ದಾಟಿದಿರಾ? ಅಲ್ಲಿ ದೊಡ್ಡ ಮರ ಇತ್ತಾ? ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತಾ, ಬೆನ್ನಿಗಾ? ಇಂಥ ಪ್ರಶ್ನೆಗೆ ಕಾಲಿನ ನೆನಪು ಉತ್ತರ ಕೊಡುತ್ತದೆ. ಒಂದು ಹಾಳೆ ಕೊಟ್ಟು ಮನೆ, ಬಾವಿ, ದಾರಿ ಎಲ್ಲ ಗೀಚಲು ಹೇಳಿ. ಗೆರೆ ಸೊಟ್ಟ ಇದ್ದರೂ ಪರವಾಗಿಲ್ಲ. ಒಪ್ಪಿದರೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ಹೊತ್ತಿಗೆ ಸುಮ್ನೆ ಅನ್ನಿಸಿದ ಮಾತೇ ಆರು ತಿಂಗಳ ಮೇಲೆ ಸುಳಿವಾಗುತ್ತದೆ.

ಸ್ವಂತ ಸಂಬಂಧಿಕರು ಮಾತ್ರ ಸಾಲದು. ಜಮೀನು ಕೊಂಡವರ ಮನೆಯ ಹಿರಿಯರು, ಅಲ್ಲಿ ದನ ಮೇಯಿಸಿದವರು, ಬೇಟೆಗೆ ಹೋಗುತ್ತಿದ್ದವರು, ಟ್ರ್ಯಾಕ್ಟರ್ ಓಡಿಸಿದವರು, ಇವರನ್ನೂ ಕೇಳಿ. ನೇಗಿಲಿಗೆ ಕಲ್ಲು ತಗುಲಿದ ಜಾಗ ಉಳುವವರಿಗೆ ಮರೆಯುವುದಿಲ್ಲ.

ಆಮೇಲೆ ಕ್ರಯಪತ್ರ ಓದಿ

ಮರಣದ ದಾಖಲೆ, ಪತ್ರಿಕೆಯಲ್ಲಿ ಬಂದ ಸಾವಿನ ಸುದ್ದಿ, ಚರ್ಚ್ ರಿಜಿಸ್ಟರ್, ಉಯಿಲು, ಅಂತ್ಯಕ್ರಿಯೆ ನಡೆಸಿಕೊಟ್ಟವರ ಲೆಕ್ಕದ ಪುಸ್ತಕ, ಎಲ್ಲ ನೋಡಿ. ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಜಮೀನಿನ ಕ್ರಯಪತ್ರ. ವಂಶವೃಕ್ಷ ಬರೆಯುವವರು ಇದನ್ನು ಬಹಳ ಸಲ ಬಿಟ್ಟುಬಿಡುತ್ತಾರೆ. ಅದರಲ್ಲಿ ಹುಟ್ಟು, ಮದುವೆ, ಸಾವು ಇರುವುದಿಲ್ಲ, ಅಲ್ವಾ?

ಆದರೆ ಮನೆತನದವರು ಜಮೀನು ಮಾರುವಾಗ ಸ್ಮಶಾನದ ತುಂಡನ್ನು ಬಿಟ್ಟು ಮಾರುವುದಿತ್ತು. ‘ಕಾಲು ಎಕರೆ ಸ್ಮಶಾನವನ್ನೂ ಅಲ್ಲಿಗೆ ಹೋಗಿಬರುವ ಹಕ್ಕನ್ನೂ ಉಳಿಸಿಕೊಂಡು’ ಎನ್ನುವ ಥರದ ಒಂದು ಸಾಲು ಪತ್ರದ ಕೊನೆಯ ಕಡೆ ಇರುತ್ತದೆ. ಮುಂದಿನ ಮಾರಾಟದಲ್ಲೂ ಆ ಸಾಲು ನಕಲಾಗುತ್ತದೆ. ಇನ್ನೊಂದು ಮಾರಾಟದಲ್ಲಿ ಯಾರೋ ಬಿಟ್ಟುಬಿಡುತ್ತಾರೆ. ಆದ್ದರಿಂದ ಇವತ್ತಿನ ಪತ್ರ ಒಂದನ್ನೇ ನೋಡಿ ಕೈಬಿಡಬೇಡಿ. ಪೂರ್ವಜರಿಂದ ಇವತ್ತಿನ ಮಾಲೀಕರವರೆಗೆ ಒಂದೊಂದೇ ಪತ್ರ ಹಿಡಿದು ಓದಿ. ಚೆಕ್ಕುಬಂದಿಯಲ್ಲಿ ಬರುವ ಹಳ್ಳ, ದಾರಿ, ಅಕ್ಕಪಕ್ಕದ ಮಾಲೀಕರ ಹೆಸರು ಎಲ್ಲ ಬರೆದಿಟ್ಟುಕೊಳ್ಳಿ.

ಆ ನೆರೆಯವರ ಹೆಸರುಗಳು ಇನ್ನೊಂದು ಕಾರಣಕ್ಕೂ ಬೇಕು. ಸ್ಮಶಾನದ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಜಮೀನು ಕೊಂಡವರ ಹೆಸರಿನಿಂದಲೋ ಅಲ್ಲಿ ಕೊನೆಗೆ ಹೂಳಿದವರ ಹೆಸರಿನಿಂದಲೋ ಜನ ಕರೆಯುತ್ತಾರೆ. ಮಗಳನ್ನು ಕೊಟ್ಟ ಮನೆಯ ಹೆಸರೂ ಅಂಟಿಕೊಂಡಿರಬಹುದು. ನಿಮ್ಮ ಮನೆತನದ ಹೆಸರಲ್ಲಿ ಹುಡುಕಿ ಏನೂ ಸಿಗದಿದ್ದರೆ ಅಳಿಯಂದಿರ ಹೆಸರು, ನೆರೆಯವರ ಹೆಸರು ಹಾಕಿ ಹುಡುಕಿ.

ಆನ್‌ಲೈನ್‌ನಲ್ಲಿ ಊರು ಹಿಡಿದು ಹುಡುಕಿ

1995ರಲ್ಲಿ ಶುರುವಾದ ‘ಫೈಂಡ್ ಎ ಗ್ರೇವ್’, 2011ರಲ್ಲಿ ಬಂದ ‘ಬಿಲಿಯನ್‌ಗ್ರೇವ್ಸ್’ ಎರಡರಲ್ಲೂ ಸಮಾಧಿಗಳ ಫೋಟೊ ಮತ್ತು ವಿವರ ಸಿಗುತ್ತದೆ. ಹೆಚ್ಚಿನವು ಸ್ವಯಂಸೇವಕರು ಸೇರಿಸಿದವು. ‘ಫ್ಯಾಮಿಲಿಸರ್ಚ್’ ತಾಣದಲ್ಲಿ ಹಳೆಯ ದಾಖಲೆಗಳನ್ನು ಹಣ ಕೊಡದೆ ನೋಡಬಹುದು. ಇಲ್ಲೆಲ್ಲ ವ್ಯಕ್ತಿಯ ಹೆಸರು ಹಾಕುವುದರ ಜೊತೆಗೆ ಆ ಸುತ್ತಿನ ಸ್ಮಶಾನಗಳ ಪಟ್ಟಿಯನ್ನೂ ತೆಗೆದು ನೋಡಿ. ಫೋಟೊ ಇಲ್ಲದ, ಒಂದೆರಡು ಹೆಸರು ಮಾತ್ರ ಇರುವ ಪುಟ್ಟ ಸ್ಮಶಾನಗಳೇ ನಿಮಗೆ ಬೇಕಾದವು. ಅಲ್ಲಿ ಹೆಸರು ಇಲ್ಲ ಅಂದರೆ ಸಮಾಧಿ ಇಲ್ಲ ಅಂತ ಅರ್ಥವಲ್ಲ. ಯಾರೂ ಅಲ್ಲಿಗೆ ಹೋಗಿಲ್ಲ ಅಂತಲೂ ಇರಬಹುದು.

ನಕ್ಷೆಯ ಮೇಲೆ ನಕ್ಷೆ

ಹಳೆಯ ಸರ್ವೆ ನಕ್ಷೆಗಳಲ್ಲಿ ಪುಟ್ಟ ಸ್ಮಶಾನಗಳನ್ನೂ ಗುರುತು ಹಾಕಿರುವುದುಂಟು. ಅಮೆರಿಕದ ಭೂವೈಜ್ಞಾನಿಕ ಸರ್ವೆ ಸಂಸ್ಥೆ 1880ರ ದಶಕದಿಂದ ಮಾಡಿದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಬ್ರಿಟನ್ನಿನ ಹಳೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿವೆ. ಒಂದೇ ಜಾಗದ ಬೇರೆ ಬೇರೆ ವರ್ಷದ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1900ರ ನಕ್ಷೆಯಲ್ಲಿದ್ದ ಮನೆ 1950ರದ್ದರಲ್ಲಿ ಇಲ್ಲದಿದ್ದರೆ ಮೊದಲು ನೋಡಬೇಕಾದ ಜಾಗ ಅದೇ. ಹೊಂದಿಸಲು ರಸ್ತೆಯನ್ನು ನಂಬಬೇಡಿ. ರಸ್ತೆ ಸರಿಯುತ್ತದೆ. ಹೊಳೆಯ ತಿರುವು, ಗುಡ್ಡದ ತುದಿ, ಹಳೆಯ ಚರ್ಚು, ಇವು ಜಾಸ್ತಿ ಭರವಸೆಯ ಗುರುತುಗಳು.

ಆಮೇಲೆ ಉಪಗ್ರಹದ ಚಿತ್ರ ತೆಗೆಯಿರಿ. ಉತ್ತ ಹೊಲದ ನಡುವೆ ಕಾರಣವಿಲ್ಲದೆ ಉಳಿದ ಮರಗಳ ಗುಂಪು ಕಂಡರೆ ಗುರುತು ಹಾಕಿಕೊಳ್ಳಿ. ಉಳುವವರು ಪ್ರತಿ ವರ್ಷ ಅದನ್ನು ಸುತ್ತುಹಾಕಿ ಹೋಗುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬಂಡೆಯೂ ಇರಬಹುದು, ಸಮಾಧಿಯೂ ಇರಬಹುದು.

ಕಾಡು ಬೆಳೆದಿದ್ದರೆ ಲೈಡಾರ್ ಚಿತ್ರ ನೆರವಾಗುತ್ತದೆ. ವಿಮಾನದಿಂದ ಲೇಸರ್ ಕಿರಣ ಬಿಡುತ್ತಾರೆ. ಕೆಲವು ಎಲೆಗಳ ಸಂದಿಯಿಂದ ಇಳಿದು ನೆಲ ಮುಟ್ಟಿ ವಾಪಸಾಗುತ್ತವೆ. ಗಿಡಮರಕ್ಕೆ ತಗುಲಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೆಗೆದುಹಾಕಿದರೆ ಬರೀ ನೆಲದ ಏರಿಳಿತ ಉಳಿಯುತ್ತದೆ. ಒಂದೊಂದೇ ಸಮಾಧಿ ಇದರಲ್ಲಿ ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಮನೆಯ ಅಡಿಪಾಯ, ಕಲ್ಲುಗೋಡೆಯ ಚೌಕ, ಮುಚ್ಚಿಹೋದ ಗಾಡಿದಾರಿ ಚೆನ್ನಾಗಿ ಕಾಣುತ್ತವೆ. ಗಾಡಿದಾರಿ ಸಿಕ್ಕರೆ ಮನೆ ಸಿಕ್ಕಂತೆ.

ಹಳೆಯ ಊರಿನ ಜಾಗದಲ್ಲಿ ಈಗ ಜಲಾಶಯ ಇದೆಯಾ? ಹಾಗಿದ್ದರೆ ಅಣೆಕಟ್ಟು ಕಟ್ಟಿದವರ ದಾಖಲೆ ಕೇಳಿ. 1933ರಲ್ಲಿ ಶುರುವಾದ ಅಮೆರಿಕದ ಟೆನೆಸ್ಸೀ ಕಣಿವೆ ಪ್ರಾಧಿಕಾರ ನೀರು ನಿಲ್ಲಿಸುವ ಮೊದಲು ಸಮಾಧಿಗಳನ್ನು ಪಟ್ಟಿ ಮಾಡಿ, ಎಷ್ಟೋ ಸಮಾಧಿಗಳನ್ನು ಬೇರೆ ಕಡೆ ಸಾಗಿಸಿತು. ಆ ದಾಖಲೆಗಳು ಈಗಲೂ ಇವೆ.

ಮಾಲೀಕರನ್ನು ಕೇಳದೆ ಬೇಲಿ ದಾಟಬೇಡಿ

ನಿಮ್ಮ ಅಜ್ಜ ಅಲ್ಲಿ ಮಲಗಿರಬಹುದು. ಜಮೀನು ಈಗ ಇನ್ನೊಬ್ಬರದು. ಕೆಲವು ಕಡೆ ಕಾನೂನು ವಂಶದವರ ಪರ ಇದೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಖಾಸಗಿ ಜಮೀನಿನಲ್ಲಿರುವ ಸಮಾಧಿ ನೋಡಲು, ಶುಚಿ ಮಾಡಲು, ವಂಶದ ಅಧ್ಯಯನಕ್ಕೆ ಹೋಗಲು ಮಾಲೀಕರು ಬಿಡಬೇಕು. ಹೋಗುವವರೂ ಮೊದಲೇ ತಿಳಿಸಬೇಕು. ಎಲ್ಲ ಕಡೆ ಇಂಥ ಕಾನೂನು ಇಲ್ಲ, ಆದ್ದರಿಂದ ನೀವು ಹೋಗುವ ಜಾಗದ ನಿಯಮ ವಿಚಾರಿಸಿಕೊಳ್ಳಿ.

ಕಾನೂನು ಇದ್ದರೂ ಮಾತು ಮೆದುವಾಗಿರಲಿ. ಜಾಗದ ಮೇಲೆ ಹಕ್ಕು ಕೇಳಲು ಬಂದಿರಬಹುದು ಎಂಬ ಹೆದರಿಕೆ ಮಾಲೀಕರಿಗೆ ಇರುತ್ತದೆ. ಒಂದು ಕಾಗದ ಬರೆಯಿರಿ. ನೀವು ಯಾರ ಮೊಮ್ಮಗ ಅಥವಾ ಮೊಮ್ಮಗಳು, ಯಾವ ದಿನ ಬರುತ್ತೀರಿ, ಎಷ್ಟು ಜನ ಬರುತ್ತೀರಿ, ಏನನ್ನೂ ಅಗೆಯುವುದಿಲ್ಲ, ಕಡಿಯುವುದಿಲ್ಲ ಎಂದು ಅದರಲ್ಲಿರಲಿ. ಹಳೆಯ ಮನೆಯ ಫೋಟೊ ನಿಮ್ಮ ಹತ್ತಿರ ಇದ್ದರೆ ಒಂದು ಪ್ರತಿ ಇಟ್ಟು ಕಳಿಸಿ.

ಹೊಲದಲ್ಲಿ ಏನು ನೋಡಬೇಕು

ಎಲೆ ಉದುರಿ ಪೊದೆ ಒಣಗಿದ ಕಾಲ ಒಳ್ಳೆಯದು. ಹಸಿರು ತುಂಬಿದ್ದಾಗ ನಾನು ಎರಡು ಸಲ ದಾಟಿಹೋಗಿದ್ದ ಜಾಗವೇ ಒಣಗಿದ ಮೇಲೆ ದೂರದಿಂದಲೇ ಕಂಡಿತ್ತು. ಉದ್ದ ಪ್ಯಾಂಟು, ಗಟ್ಟಿ ಬೂಟು ಹಾಕಿಕೊಳ್ಳಿ. ಹಾವು, ಉಣ್ಣಿ, ಹಳೆಯ ಬಾವಿ ಮೂರೂ ಇರಬಹುದು. ಒಬ್ಬರೇ ಹೋಗಬೇಡಿ.

ಮೊದಲು ಗಿಡ ನೋಡಿ. ಕಾಡಿನಲ್ಲಿ ತಾನಾಗಿ ಬೆಳೆಯದ ಹೂಗಿಡ ಒಂದೇ ಕಡೆ ಗುಂಪಾಗಿದ್ದರೆ ಯಾರೋ ನೆಟ್ಟದ್ದು. ಅಮೆರಿಕದಲ್ಲಿ ಹುಡುಕುವವರು ನೆಲಕ್ಕೆ ಹಬ್ಬುವ ನೀಲಿ ಹೂವಿನ ವಿಂಕಾ, ಐರಿಸ್, ಡ್ಯಾಫೊಡಿಲ್, ಯುಕ್ಕಾ, ಸೀಡರ್ ಮರ ಕಂಡರೆ ನಿಂತು ನೋಡುತ್ತಾರೆ. ಬೇಲಿ ಹೋದರೂ, ಕಲ್ಲು ಬಿದ್ದರೂ ಇಂಥ ಗಿಡಗಳು ಉಳಿದುಬಿಡುತ್ತವೆ.

ಆಮೇಲೆ ನೆಲ ನೋಡಿ. ಮರದ ಪೆಟ್ಟಿಗೆ ಕೊಳೆತಾಗ ಮೇಲಿನ ಮಣ್ಣು ಕುಸಿದು ಉದ್ದನೆಯ ತಗ್ಗಾಗುತ್ತದೆ. ಮರ ಬುಡಮೇಲಾದಾಗಲೂ ತಗ್ಗಾಗುತ್ತದೆ, ಆದರೆ ಅದರ ಪಕ್ಕ ಬೇರಿನ ಮಣ್ಣಿನ ಗುಡ್ಡೆ ಇರುತ್ತದೆ. ಸಮಾಧಿಯ ತಗ್ಗುಗಳು ಒಂದೇ ದಿಕ್ಕಿಗೆ ಸಾಲಾಗಿ ಇರುತ್ತವೆ. ಕ್ರೈಸ್ತ ಸಮಾಧಿಗಳಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಡುವುದು ವಾಡಿಕೆ. ಮುಸ್ಲಿಮರು ಮುಖ ಮೆಕ್ಕಾ ಕಡೆ ಇರುವಂತೆ ಹೂಳುತ್ತಾರೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಸಣ್ಣ ತಗ್ಗೂ ನೆರಳಿನಿಂದ ಎದ್ದು ಕಾಣುತ್ತದೆ.

ಅಕ್ಷರವಿಲ್ಲದ ಕಾಡುಗಲ್ಲು ಕಂಡರೆ ಬಿಟ್ಟುಹೋಗಬೇಡಿ. ಕೆತ್ತಿಸಲು ಹಣವಿಲ್ಲದವರು ಅದನ್ನೇ ನಿಲ್ಲಿಸುತ್ತಿದ್ದರು. ಬಿದ್ದ ಕಲ್ಲನ್ನು ಎತ್ತಿ ಸರಿಸಬೇಡಿ. ಅದು ಇದ್ದ ಜಾಗವೇ ಒಂದು ದಾಖಲೆ. ಅಗೆಯುವ ಯೋಚನೆಯಂತೂ ಬೇಡವೇ ಬೇಡ. ಖಚಿತವಾಗಿ ತಿಳಿಯಬೇಕಿದ್ದರೆ ನೆಲದೊಳಗೆ ರೇಡಿಯೊ ಅಲೆ ಬಿಟ್ಟು ನೋಡುವ ರೇಡಾರ್ ಇದೆ. ಮರಳು ಮಣ್ಣಿನಲ್ಲಿ ಅದು ಚೆನ್ನಾಗಿ ತೋರಿಸುತ್ತದೆ. ಒದ್ದೆ ಜೇಡಿಮಣ್ಣಿನಲ್ಲಿ ಅಷ್ಟು ತೋರಿಸುವುದಿಲ್ಲ.

ಕಲ್ಲು ಓದುವಾಗ

ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಕ್ರೀಮ್ ಬಳಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಬ್ಲೀಚ್, ಆಸಿಡ್, ತಂತಿ ಬ್ರಷ್ ಕೂಡ ಬೇಡ. ಹಳೆಯ ಅಮೃತಶಿಲೆಯ ಮೇಲ್ಮೈ ಮಳೆಗೆ ಸಕ್ಕರೆಯ ಹಾಗೆ ಹರಳು ಹರಳಾಗಿರುತ್ತದೆ. ಉಜ್ಜಿದರೆ ಅಕ್ಷರವೇ ಉದುರಿಹೋಗುತ್ತದೆ. ಕಲ್ಲು ಗಟ್ಟಿಯಿದ್ದರೆ ಮಾತ್ರ ಬರೀ ನೀರು ಹಾಕಿ ಮೆದು ಬ್ರಷ್ಷಿನಿಂದ ಒರೆಸಿ. ಇನ್ನೂ ಒಳ್ಳೆಯದು ಕನ್ನಡಿ. ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಹಾಯಿಸಿ. ಕಲ್ಲನ್ನು ಮುಟ್ಟದೆಯೇ ಅಕ್ಷರ ನೆರಳಿನಲ್ಲಿ ಏಳುತ್ತದೆ. ನೆರಳಿರುವ ಕಡೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ನಡೆಯುತ್ತದೆ.

ಹಳೆಯ ಇಂಗ್ಲಿಷ್ ಕಲ್ಲುಗಳಲ್ಲಿ ಎರಡು ಪದ ಗಮನಿಸಿ. ‘ಕಾನ್ಸಾರ್ಟ್’ (consort) ಎಂದಿದ್ದರೆ ಗಂಡ ಬದುಕಿರುವಾಗ ತೀರಿಕೊಂಡವಳು. ‘ರೆಲಿಕ್ಟ್’ (relict) ಎಂದಿದ್ದರೆ ವಿಧವೆ. ಈ ಒಂದು ಪದದಿಂದ ಗಂಡನ ಸಾವು ಮೊದಲೋ ಆಮೇಲೋ ಗೊತ್ತಾಗುತ್ತದೆ.

ಹುಟ್ಟಿದ ದಿನದ ಬದಲು ವಯಸ್ಸು ಕೆತ್ತಿರುವ ಕಲ್ಲುಗಳೂ ಇವೆ. 1874 ಮಾರ್ಚ್ 10ರಂದು ತೀರಿಕೊಂಡವರು, ವಯಸ್ಸು 52 ವರ್ಷ 5 ತಿಂಗಳು 20 ದಿನ ಎಂದಿದೆ ಅಂದುಕೊಳ್ಳಿ. ಮೊದಲು ವರ್ಷ ಕಳೆಯಿರಿ: 1822 ಮಾರ್ಚ್ 10. ಆಮೇಲೆ ತಿಂಗಳು: 1821 ಅಕ್ಟೋಬರ್ 10. ಕೊನೆಗೆ ದಿನ: 1821 ಸೆಪ್ಟೆಂಬರ್ 20. ಹುಟ್ಟಿದ ದಿನ ಕೈಗೆ ಬಂತು. ಯಹೂದಿ ಸಮಾಧಿಯಾದರೆ ಹೀಬ್ರೂ ಬರಹದಲ್ಲಿ ತಂದೆಯ ಹೆಸರೂ ಇರುವುದು ರೂಢಿ, ಅಂದರೆ ಒಂದು ತಲೆಮಾರು ಹೆಚ್ಚು ಸಿಕ್ಕಂತೆ. ಅಲ್ಲಿ ಯಹೂದಿ ಪಂಚಾಂಗದ ವರ್ಷವನ್ನು ಸಾವಿರದ ಅಂಕಿ ಬಿಟ್ಟು ಕೆತ್ತುವುದು ವಾಡಿಕೆ. 635 ಎಂದಿದ್ದರೆ 1240 ಕೂಡಿಸಿ, 1875ರ ಆಸುಪಾಸು ಬರುತ್ತದೆ.

ಸಿಕ್ಕಿದ್ದನ್ನು ಬರೆದಿಡಿ

ಫೋನಿನ ಜಿಪಿಎಸ್ ಅಂಕಿಗಳನ್ನು ದಶಾಂಶದ ಐದು ಸ್ಥಾನದವರೆಗೆ ಬರೆದುಕೊಳ್ಳಿ. ಐದನೆಯ ಸ್ಥಾನ ಅಂದರೆ ಅಕ್ಷಾಂಶದಲ್ಲಿ ಸುಮಾರು ಒಂದು ಮೀಟರ್. ಬಯಲಿನಲ್ಲಿ ಫೋನು ಐದು ಮೀಟರಿನಷ್ಟು ಹೆಚ್ಚುಕಮ್ಮಿ ತೋರಿಸಬಹುದು, ಮರಗಳ ಕೆಳಗೆ ಇನ್ನೂ ಜಾಸ್ತಿ. ಆದ್ದರಿಂದ ಹೆಜ್ಜೆ ಎಣಿಸಿ ಒಂದು ನಕ್ಷೆಯನ್ನೂ ಬರೆಯಿರಿ: ಮನೆಯ ಅಡಿಪಾಯದಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು, ಎಷ್ಟು ಸಾಲು, ಸಾಲಿನಲ್ಲಿ ಯಾರ ಪಕ್ಕ ಯಾರು. ಪ್ರತಿ ಕಲ್ಲಿಗೂ ಹತ್ತಿರದಿಂದ ಒಂದು, ಸುತ್ತಲಿನ ಜಾಗ ಕಾಣುವಂತೆ ಒಂದು ಫೋಟೊ ಇರಲಿ. ಒಂದು ಪ್ರತಿ ಮಾಲೀಕರಿಗೆ ಕೊಡಿ, ಒಂದು ಆ ಭಾಗದ ಗ್ರಂಥಾಲಯಕ್ಕೋ ಇತಿಹಾಸ ಸಂಘಕ್ಕೋ ಕೊಡಿ. ಆನ್‌ಲೈನ್‌ನಲ್ಲಿ ಹಾಕುವ ಮೊದಲು ಮಾಲೀಕರ ಒಪ್ಪಿಗೆ ಕೇಳಿ.

ಹೆಸರಿಲ್ಲದ ಕಲ್ಲುಗಳನ್ನೂ ಎಣಿಸಿ ಬರೆಯಿರಿ. ತಲೆಗಲ್ಲಿಗೂ ಕಾಲುಗಲ್ಲಿಗೂ ನಡುವೆ ಎಷ್ಟು ಅಂತರ ಎಂದು ಟೇಪ್ ಹಿಡಿದು ಅಳೆಯಿರಿ. ಅಂತರ ತೀರಾ ಕಡಿಮೆ ಇದ್ದರೆ ಅದು ಮಗುವಿನದಿರಬಹುದು. ಅಮೆರಿಕದ 1900 ಮತ್ತು 1910ರ ಜನಗಣತಿಯಲ್ಲಿ ಹೆಂಗಸರಿಗೆ ಎರಡು ಪ್ರಶ್ನೆ ಕೇಳಿದ್ದರು: ಹೆತ್ತದ್ದು ಎಷ್ಟು, ಈಗ ಬದುಕಿರುವುದು ಎಷ್ಟು. ಇಂಗ್ಲೆಂಡಿನ 1911ರ ಗಣತಿಯಲ್ಲೂ ಮದುವೆಯಾದ ಹೆಂಗಸರ ಬಗ್ಗೆ ಇದನ್ನೇ ಕೇಳಿದ್ದರು. ಮುತ್ತಜ್ಜಿಯ ಹೆಸರಿನ ಮುಂದೆ ಒಂಬತ್ತು, ಆರು ಎಂದು ಇದ್ದರೆ ಮೂರು ಮಕ್ಕಳ ಹೆಸರು ನಿಮ್ಮ ವಂಶವೃಕ್ಷದಲ್ಲಿ ಇನ್ನೂ ಇಲ್ಲದೇ ಇರಬಹುದು. ಅವಳ ಕಲ್ಲಿನ ಪಕ್ಕದಲ್ಲೇ ಗಿಡ್ಡ ಅಂತರದ ಸಮಾಧಿಗಳು ಇವೆಯಾ, ಎಷ್ಟಿವೆ, ನಿಧಾನವಾಗಿ ನೋಡಿ. ಮೂರು ಸಿಕ್ಕರೆ ಹೆಸರಿನ ಜಾಗ ಖಾಲಿ ಬಿಟ್ಟು, ಅವಳ ಕೆಳಗೆ ಮೂರು ಗೆರೆ ಎಳೆಯಿರಿ.