ಬೀಟಲ್ಸ್, ಸ್ಟೋನ್ಸ್: ಹಾಡುಗಳನ್ನು ಜೋಡಿಯಾಗಿಟ್ಟು ಕೇಳುವ ಬಗೆ

ಇಂಗ್ಲೆಂಡಿನ ರಾಕ್ ತಂಡಗಳಾದ ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ನಡುವಿನ ಪೈಪೋಟಿ ಹೆಚ್ಚಾಗಿ ಪತ್ರಿಕೆಗಳಲ್ಲಿ, ಮಾರುಕಟ್ಟೆಯಲ್ಲಿ ನಡೆದದ್ದು. ಸ್ಟುಡಿಯೋದೊಳಗೆ ಅವರು ಪರಸ್ಪರ ಹಾಡು ಕೊಟ್ಟರು, ದನಿಗೂಡಿಸಿದರು, ವಾದ್ಯವನ್ನೂ ನುಡಿಸಿದರು. ಕೆಳಗಿನ ಏಳು ರೆಕಾರ್ಡಿಂಗುಗಳಿಂದ (ಒಂದು ಹಾಡಿಗೆ ಎರಡು ರೂಪ) ಇದನ್ನು ಕಿವಿಯಲ್ಲೇ ಹಿಡಿಯಬಹುದು. ಸಂಗೀತ ಒಟ್ಟು 25 ನಿಮಿಷದೊಳಗೆ ಮುಗಿಯುತ್ತದೆ, ಆದರೆ ಮತ್ತೆ ಮತ್ತೆ ಹಾಕಬೇಕಾಗುವುದರಿಂದ ಎರಡು ಗಂಟೆ ಬಿಡುವು ಮಾಡಿಕೊಳ್ಳಿ.

ಮೊದಲು ಜಾಗ. ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಸದ್ದು ಮಾರ್ದನಿಸುತ್ತದೆ, ಜಮಖಾನ ಹಾಸಿ. ಸ್ಪೀಕರನ್ನು ಮೂಲೆಯಿಂದ ಎರಡು ಅಡಿ ಈಚೆಗಿಡಿ, ಇಲ್ಲದಿದ್ದರೆ ಬೇಸ್ ಗಿಟಾರ್ ಗುಂಯ್‌ಗುಟ್ಟಿ ಉಳಿದದ್ದನ್ನೆಲ್ಲ ನುಂಗುತ್ತದೆ. ಇಬ್ಬರು ಒಂದೊಂದು ಇಯರ್‌ಫೋನ್ ಹಂಚಿಕೊಂಡು ಕೇಳುವುದು ಬೇಡ. ಬೀಟಲ್ಸ್‌ನ 1963ರ ಸ್ಟೀರಿಯೋದಲ್ಲಿ ವಾದ್ಯಗಳೆಲ್ಲ ಎಡಕ್ಕೆ, ಹಾಡಿಕೆ ಬಲಕ್ಕೆ. ಒಬ್ಬರಿಗೆ ಹಾಡೇ ಕೇಳಿಸದು, ಇನ್ನೊಬ್ಬರಿಗೆ ತಾಳವೇ ಸಿಗದು. ಮೊಬೈಲಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೋನೋ ಆಡಿಯೋ’ ಹಾಕಿದರೆ ತಾಪತ್ರಯ ಮುಗಿಯಿತು.

ಮೊದಲ ಜೋಡಿ ‘ಐ ವಾನಾ ಬಿ ಯುವರ್ ಮ್ಯಾನ್’. ಬರೆದವರು ಬೀಟಲ್ಸ್‌ನ ಲೆನನ್ ಮತ್ತು ಮೆಕಾರ್ಟ್ನಿ. 1963ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಸ್ಟೋನ್ಸ್ ಎದುರಿಗೇ ಕೂತು ಅದನ್ನು ಮುಗಿಸಿ ಕೊಟ್ಟರು. ಸ್ಟೋನ್ಸ್ ಸಿಂಗಲ್ (ಬದಿಗೊಂದೇ ಹಾಡಿರುವ ಪುಟ್ಟ ರೆಕಾರ್ಡು) ನವೆಂಬರ್ 1ಕ್ಕೆ ಬಂತು, ರಿಂಗೋ ಹಾಡಿದ ಬೀಟಲ್ಸ್ ರೂಪ 22ಕ್ಕೆ. ಸ್ಟೋನ್ಸ್ ರೂಪವನ್ನೇ ಮೊದಲು ಹಾಕಿ. ಬ್ರಯಾನ್ ಜೋನ್ಸ್‌ನ ಸ್ಲೈಡ್ ಗಿಟಾರ್ ಸ್ವರದಿಂದ ಸ್ವರಕ್ಕೆ ಹಾರದೆ ಜಾರುತ್ತದೆ. ಗೋಟುವಾದ್ಯ ಕೇಳಿದ ಕಿವಿಗೆ ಇದು ತಕ್ಷಣ ಗೊತ್ತಾಗುತ್ತದೆ. ನೀವೇ ನುಡಿಸುವುದಾದರೆ ಗಾಜಿನ ಅಥವಾ ಲೋಹದ ಕೊಳವೆಯನ್ನು ಕಿರುಬೆರಳಿಗೆ ಹಾಕಿ, ಫ್ರೆಟ್ಟಿನ (ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿರುವ ಲೋಹದ ಪಟ್ಟಿ) ಸರಿಯಾಗಿ ಮೇಲಕ್ಕೆ ಹಿಡಿಯಿರಿ. ಫ್ರೆಟ್ಟಿನ ಹಿಂದಕ್ಕೆ ಹಿಡಿದರೆ ಸ್ವರ ತಗ್ಗುತ್ತದೆ, ಒತ್ತಿದರೆ ಫ್ರೆಟ್ಟಿಗೆ ಬಡಿದು ಕಟಕಟ ಎನ್ನುತ್ತದೆ. ಕೊಳವೆಯ ಹಿಂದೆ ಉಳಿದ ಬೆರಳುಗಳನ್ನು ತಂತಿಗೆ ಮೆಲ್ಲಗೆ ತಾಗಿಸಿಡಿ, ಬೇಡದ ನಾದ ಅಡಗುತ್ತದೆ. ಬೆರಳೊತ್ತದೆ ಮೀಟಿದರೇ ಇ ಮೇಜರ್ ಕಾರ್ಡ್ ನುಡಿಯುವ ಓಪನ್ ಇ ಶ್ರುತಿಗೆ ಮೂರು ತಂತಿ ಬಿಗಿಯಬೇಕು, ಹಳೆಯ ತಂತಿ ಹರಿಯಬಹುದು. ಬದಲಿಗೆ ಡಿ ಎ ಡಿ ಎಫ್‌ಶಾರ್ಪ್ ಎ ಡಿ ಎಂದು ಸಡಿಲಿಸಿ ಎರಡನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ.

ಎರಡನೇ ಜೋಡಿಯಲ್ಲಿ ಸಿತಾರ್. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ನುಡಿಸಿದ ‘ನಾರ್ವೇಜಿಯನ್ ವುಡ್’ 1965ರ ಡಿಸೆಂಬರಿನದು, ಜೋನ್ಸ್ ನುಡಿಸಿದ ‘ಪೇಂಟ್ ಇಟ್ ಬ್ಲ್ಯಾಕ್’ 1966ರ ಮೇ ತಿಂಗಳಿನದು. ಹಾರ್ಮೋನಿಯಂನಲ್ಲಿ ಎರಡಕ್ಕೂ ಬಿಳಿ ಮೂರನ್ನೇ (ಇ ಸ್ವರ) ಷಡ್ಜ ಮಾಡಿಕೊಂಡು ನುಡಿಸಿ. ಮೊದಲನೆಯದು ಹರಿಕಾಂಭೋಜಿಯ ಸ್ವರಗಳಲ್ಲಿ ಶುರುವಾಗುತ್ತದೆ, ನಡುವೆ ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬರುತ್ತದೆ. ಎರಡನೆಯದರ ಚರಣದಲ್ಲಿ ಇ ಮೈನರ್, ಬಿ7 ಕಾರ್ಡುಗಳು ಸೇರಿ ಕೀರವಾಣಿಯ ಛಾಯೆ ಕೊಡುತ್ತವೆ. ಎರಡೂ ಕಡೆ ರಾಗವಿಸ್ತಾರ ಹುಡುಕಬೇಡಿ. ಸಿತಾರ್ ಅಲ್ಲಿ ಧಾಟಿಯ ಎಳೆ ಹಿಡಿಯುವ ವಾದ್ಯ, ಅಷ್ಟೇ. ರೆಕಾರ್ಡಿನ ಜತೆಜತೆಗೇ ನುಡಿಸುವಾಗ ಶ್ರುತಿ ಕೂಡದಿದ್ದರೆ ಷಡ್ಜವನ್ನು ಅರ್ಧ ಮನೆ ಸರಿಸಿ ನೋಡಿ.

1967ಕ್ಕೆ ಬನ್ನಿ. ಜೂನ್ 25ರ ನೇರಪ್ರಸಾರದಲ್ಲಿ ಬೀಟಲ್ಸ್ ‘ಆಲ್ ಯು ನೀಡ್ ಈಸ್ ಲವ್’ ಹಾಡುವಾಗ ಸ್ಟೋನ್ಸ್‌ನ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಕೆಳಗೆ ಕೂತು ದನಿಗೂಡಿಸಿದರು. ಈ ಹಾಡಿಗೆ ತಾಳ ಹಾಕುವುದೇ ಸೊಗಸು: ಚರಣದ ಒಂದು ಸುತ್ತು 7, 7, 8, 7, ಒಟ್ಟು 29 ಎಣಿಕೆ. ಮೂರು, ಎರಡು, ಎರಡು ಎಂದು ತ್ರಿಪುಟದ ಹಾಗೆ ಹಾಕುತ್ತಾ ಹೋದವರು 8 ಬರುವ ಮೂರನೇ ಆವರ್ತದಲ್ಲಿ ತಪ್ಪುತ್ತಾರೆ. ಪಲ್ಲವಿ ಹೆಚ್ಚೂಕಡಿಮೆ ನಾಲ್ಕರ ನಡೆ.

ಆಗಸ್ಟಿನಲ್ಲಿ ಸ್ಟೋನ್ಸ್ ‘ವಿ ಲವ್ ಯೂ’ ತಂದರು. ಜೈಲಿನ ಹೆಜ್ಜೆ ಸಪ್ಪಳ, ಬಾಗಿಲ ಸದ್ದು, ಆಮೇಲೆ ನಿಕಿ ಹಾಪ್ಕಿನ್ಸ್‌ನ ಪಿಯಾನೋ. ಹಿಂದಿನ ಏರುದನಿಗಳಲ್ಲಿ ಲೆನನ್, ಮೆಕಾರ್ಟ್ನಿ ಇದ್ದಾರೆ, ರೆಕಾರ್ಡಿನ ಮೇಲೆ ಹೆಸರಿಲ್ಲ. ಇದಕ್ಕೆ ಮಾತ್ರ ಹೆಡ್‌ಫೋನ್ ಬಳಸಿ, ಮೋನೋ ತೆಗೆದುಬಿಡಿ. ಸ್ಪೀಕರಿನಲ್ಲಿ ಆ ದನಿಗಳು ಮೆಲೊಟ್ರಾನ್ ಎಂಬ ಕೀಬೋರ್ಡಿನ ಸದ್ದಿನಲ್ಲಿ ಕಲಸಿಹೋಗುತ್ತವೆ. ಹಾಪ್ಕಿನ್ಸ್ ಮರುವರ್ಷ ಬೀಟಲ್ಸ್‌ನ ‘ರೆವಲ್ಯೂಷನ್’ ಸಿಂಗಲ್ಲಿಗೂ ಕೀಬೋರ್ಡ್ ನುಡಿಸಿದ್ದಾರೆ.

ಕೊನೆಗೆ ‘ಯೂ ನೋ ಮೈ ನೇಮ್’. 1967ರ ಜೂನಿನಲ್ಲಿ ಜೋನ್ಸ್ ಇದಕ್ಕೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದ, ಬೀಟಲ್ಸ್ ಬಿಡುಗಡೆ ಮಾಡಿದ್ದು 1970ರಲ್ಲಿ, ‘ಲೆಟ್ ಇಟ್ ಬಿ’ ಸಿಂಗಲ್ಲಿನ ಹಿಂಬದಿಗೆ. ತಮಾಷೆಯ ಹಾಡೆಂದು ಅರ್ಧಕ್ಕೇ ನಿಲ್ಲಿಸುವವರೇ ಹೆಚ್ಚು. ಸ್ಯಾಕ್ಸೊಫೋನ್ ಬರುವುದು ಮುಕ್ತಾಯಕ್ಕೆ ಹತ್ತಿರ.